ಏಷ್ಯಾ ಎಂಬ ಹೆಸರೂ ನಮ್ಮ ನಾಲ್ಕು ತಾಲ್ಲೂಕುಗಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ವಿಷಯವನ್ನು ಹೊರಗಿನವರಿಗೆ ಹೇಳಹೊರಟರೆ ಎರಡು ಮಾತುಗಳು ತಪ್ಪದೆ ಬರುತ್ತವೆ. ಮಧುಗಿರಿಯ ಬೆಟ್ಟ ಏಷ್ಯಾ ಖಂಡದಲ್ಲಿಯೇ ಎರಡನೆಯ ದೊಡ್ಡ ಏಕಶಿಲೆ ಎಂಬುದು ಒಂದು. ಪಾವಗಡದ ತಿರುಮಣಿಯ ಸೌರ ವಿದ್ಯುತ್ ಕ್ಷೇತ್ರ ಏಷ್ಯಾ ಖಂಡದಲ್ಲಿಯೇ ಅತಿ ದೊಡ್ಡದು ಎಂಬುದು ಇನ್ನೊಂದು. ಸಭೆಯ ಭಾಷಣಗಳಲ್ಲಿ, ಪ್ರವಾಸಿಗಳಿಗಾಗಿ ಅಚ್ಚಾದ ಕೈಪಿಡಿಗಳಲ್ಲಿ, ಶಾಲೆಯ ಮಕ್ಕಳ ಪ್ರಬಂಧಗಳಲ್ಲಿ ಈ ಮಾತುಗಳು ಉರುಳುತ್ತಲೇ ಇರುತ್ತವೆ. ಆಡುವವರ ಎದೆಯೂ ಉಬ್ಬುತ್ತದೆ, ಕೇಳುವವರ ಕಣ್ಣೂ ಅರಳುತ್ತದೆ.

ಹೆಮ್ಮೆ ಪಡುವುದಕ್ಕೆ ನಮ್ಮ ಆಕ್ಷೇಪಣೆ ಏನೂ ಇಲ್ಲ. ಮಳೆಯೂ ಕಡಿಮೆ, ಕಾರ್ಖಾನೆಯೂ ಕಡಿಮೆ ಇರುವ ಸೀಮೆಯ ಜನ ತಮ್ಮೂರಿನ ಬೆಟ್ಟವನ್ನು ಹೊಗಳಿಕೊಂಡರೆ ತಪ್ಪೇನು? ಆದರೆ ಒಂದು ಸಂಗತಿ ಗಮನಿಸಬೇಕು. ಈ ಮಾತುಗಳಿಗೆ ತೂಕ ಬರುವುದು ಬೆಟ್ಟದಿಂದಲೂ ಅಲ್ಲ, ಬಿಸಿಲಿನಿಂದಲೂ ಅಲ್ಲ. "ಏಷ್ಯಾ" ಎಂಬ ಮೂರಕ್ಷರವೂ ತುಂಬದ ಒಂದು ಶಬ್ದದಿಂದ. ಆ ಶಬ್ದ ಬಿದ್ದ ಕೂಡಲೆ ಮುಂದಿನ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಆದುದರಿಂದ ಆ ಶಬ್ದ ಎಲ್ಲಿಂದ ಬಂದಿತು, ಅದನ್ನು ಇಟ್ಟವರು ಯಾರು, ಇಡುವಾಗ ಅಲ್ಲಿಯ ಜನರನ್ನು ಒಂದು ಮಾತು ಕೇಳಿದರೆ ಎಂದು ಈ ವಾರ ವಿಚಾರಿಸಿ ನೋಡೋಣ. ಇದು ಭೂಗೋಳದ ಪಾಠದಂತೆ ಕಾಣಬಹುದು. ಆದರೆ ಓದುಗರು ಸ್ವಲ್ಪ ದೂರ ನಮ್ಮೊಡನೆ ಬಂದರೆ, ಇದು ಕಂದಾಯದ, ಗುತ್ತಿಗೆಯ, ಕೂಲಿಯ ವಿಷಯವೂ ಹೌದೆಂಬುದು ತಾನಾಗಿಯೇ ತಿಳಿಯುತ್ತದೆ.

ಒಂದು ಮೂಲೆಯ ಹೆಸರು

ಏಷ್ಯಾ ಎಂದರೆ ಮೊದಲಿಗೆ ಜಪಾನಿನಿಂದ ಅರಬ್ಬೀ ದೇಶದವರೆಗೆ ಹರಡಿರುವ ಈ ಮಹಾಖಂಡವಲ್ಲ. ಇಂದು ತುರ್ಕಿ ಎನ್ನುವ ದೇಶದ ಪಶ್ಚಿಮ ಭಾಗದ ಒಂದು ಮೂಲೆ, ಅಷ್ಟೆ. ಸುಮಾರು ಕ್ರಿ. ಪೂ. ೧೪೦೦ರ ಕಾಲಕ್ಕೆ ಸೇರಿದ ಹಿಟ್ಟೈಟ್ ರಾಜರ ದಾಖಲೆಗಳಲ್ಲಿ ಆ ಕಡೆಯ ಒಂದು ನಾಡಿಗೆ "ಅಸ್ಸುವ" ಎಂಬ ಹೆಸರಿದೆ. ಏಷ್ಯಾ ಎಂಬುದು ಅದರಿಂದಲೇ ಬಂದಿರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಗ್ರೀಕರ ಆದಿಕವಿ ಹೋಮರನಲ್ಲಿಯೂ ಈ ಹೆಸರು ಬರುತ್ತದೆ. ಅಲ್ಲಿ ಅದು ಒಂದು ನದಿಯ ದಂಡೆಯ ಹುಲ್ಲುಗಾವಲಿಗೆ ಅಂಟಿದ ಹೆಸರು. ಸೂರ್ಯ ಹುಟ್ಟುವುದು ಎಂಬ ಅರ್ಥದ ಪೂರ್ವದೇಶದ ಶಬ್ದವೊಂದರಿಂದ ಏಷ್ಯಾ ಬಂತೆಂದೂ, ಮುಳುಗುವುದು ಎಂಬ ಅರ್ಥದ ಶಬ್ದದಿಂದ ಯೂರೋಪು ಬಂತೆಂದೂ ಇನ್ನೊಂದು ವಾದವಿದೆ. ಕೇಳಲು ಬಹಳ ಸೊಗಸಾಗಿದೆ. ಗಟ್ಟಿಯಾದ ಆಧಾರ ಮಾತ್ರ ಯಾರಿಗೂ ದೊರೆತಿಲ್ಲ.

ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೊಟಸನಿಗೂ ಇದೇ ಸಂದೇಹ ಬಂದಿತ್ತು. ಇರುವ ಭೂಮಿ ಒಂದೇ, ಅದಕ್ಕೆ ಮೂರು ಹೆಸರುಗಳೇಕೆ, ಅದೂ ಮೂರು ಹೆಂಗಸರ ಹೆಸರುಗಳೇಕೆ, ಎಲ್ಲೆ ಹಾಕಿದವರು ಯಾರು ಎಂದು ಅವನು ಕೇಳಿಕೊಂಡು, ತನಗೆ ತಿಳಿಯದೆಂದು ಬರೆದಿಟ್ಟಿದ್ದಾನೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಒಬ್ಬ ತಿಳಿದವನು ಈ ಎಲ್ಲೆಗಳು ಮನುಷ್ಯರ ಕೈಕೆಲಸವೆಂದು ಕಂಡುಕೊಂಡಿದ್ದ. ನಮ್ಮ ಪಠ್ಯಪುಸ್ತಕಗಳು ಮಾತ್ರ ಅವನ್ನು ಬ್ರಹ್ಮಲಿಖಿತವೆಂಬಂತೆ ಬಾಯಿಪಾಠ ಮಾಡಿಸುತ್ತವೆ.

ಈ ಹೆಸರಿಗೆ ಸರ್ಕಾರಿ ಮೊಹರು ಬಿದ್ದ ಕಥೆ ಇನ್ನೂ ಸ್ವಾರಸ್ಯವಾದುದು. ಆ ಮೂಲೆಯಲ್ಲಿ ಪೆರ್ಗಮಮ್ ಎಂಬ ರಾಜ್ಯವಿತ್ತು. ಅದರ ಅರಸ ಮೂರನೆಯ ಅಟಾಲಸ್ ಮಕ್ಕಳಿಲ್ಲದೆ ಕ್ರಿ. ಪೂ. ೧೩೩ರಲ್ಲಿ ಸತ್ತ. ಸಾಯುವ ಮೊದಲು ರಾಜ್ಯವನ್ನೇ ರೋಮಿನವರಿಗೆ ಉಯಿಲು ಬರೆದಿಟ್ಟಿದ್ದ. ಮನೆ ಮಠ ಬರೆದುಕೊಟ್ಟ ಹಾಗೆ ಲಕ್ಷಾಂತರ ಜನರನ್ನೂ ಅವರ ಹೊಲಗಳನ್ನೂ ಒಂದು ಕಾಗದದಲ್ಲಿ ಬರೆದುಕೊಟ್ಟ ಹಾಗಾಯಿತು! ಜನ ಒಪ್ಪಲಿಲ್ಲ. ಅರಿಸ್ಟೊನಿಕಸ್ ಎಂಬವನು ಎದ್ದು ನಿಂತು ಬಡವರನ್ನೂ ಗುಲಾಮರನ್ನೂ ಸ್ವಾತಂತ್ರ್ಯದ ಮಾತು ಕೊಟ್ಟು ಕೂಡಿಸಿದ. ಅವರಿಗೆ ಅವನಿಟ್ಟ ಹೆಸರು "ಸೂರ್ಯನಗರದ ಪ್ರಜೆಗಳು" ಎಂಬುದು. ಗುಲಾಮನಿಗೂ ದಣಿಗೂ ಒಂದೇ ಬಿಸಿಲು ಬೀಳುತ್ತದೆ ಎಂಬ ಅರ್ಥವನ್ನು ನಾವು ಅದರಲ್ಲಿ ಕಾಣುತ್ತೇವೆ. ನಾಲ್ಕು ವರ್ಷ ಅವರು ಹೋರಾಡಿದರು. ರೋಮಿನ ದಂಡು ಅವರನ್ನು ಮುರಿಯಿತು. ಅರಿಸ್ಟೊನಿಕಸನನ್ನು ರೋಮಿಗೆ ಒಯ್ದು ಕೊಂದರು. ಕ್ರಿ. ಪೂ. ೧೨೯ರಲ್ಲಿ ಆ ನಾಡನ್ನು ರೋಮ್ ಸಾಮ್ರಾಜ್ಯದ ಒಂದು ಪ್ರಾಂತವನ್ನಾಗಿ ಕಟ್ಟಿದರು. ಆ ಪ್ರಾಂತದ ಹೆಸರೇ "ಏಷ್ಯಾ".

ಆಮೇಲೆ ಏನಾಯಿತು? ಕ್ರಿ. ಪೂ. ೧೨೩ರಲ್ಲಿ ಒಂದು ಕಾನೂನು ಬಂದು, ಏಷ್ಯಾ ಪ್ರಾಂತದ ತೆರಿಗೆ ಎತ್ತುವ ಹಕ್ಕನ್ನು ರೋಮ್ ಪಟ್ಟಣದಲ್ಲಿಯೇ ಹರಾಜು ಹಾಕುವುದೆಂದಾಯಿತು. ಹರಾಜು ಕೂಗಿದ ಸಾಹುಕಾರರ ಕೂಟಗಳು ಸರ್ಕಾರಕ್ಕೆ ಮುಂಗಡ ಕಟ್ಟಿ, ಆಮೇಲೆ ರೈತನಿಂದ ಎಷ್ಟು ಹಿಂಡಲು ಸಾಧ್ಯವೋ ಅಷ್ಟು ಹಿಂಡಿಕೊಳ್ಳುತ್ತಿದ್ದವು. ಈ ಕಾನೂನು ತಂದವನು ಗೇಯಸ್ ಗ್ರಾಕಸ್. ರೋಮಿನ ಬಡವರ ಪಕ್ಷಪಾತಿಯೆಂದು ಹೆಸರಾದವನು. ತನ್ನ ಊರಿನ ಬಡವರಿಗೆ ಅಗ್ಗದ ಧಾನ್ಯ ಕೊಡಿಸಿದ ಅದೇ ಕೈ ದೂರದ ಬಡವರನ್ನು ಹರಾಜಿಗಿಟ್ಟಿತು. ದೂರದವನ ಕಷ್ಟ ಕಾಣದ ಸುಧಾರಣೆ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಹಳೆಯ ಪಾಠ ಬೇಕಿಲ್ಲ.

ಹೀಗೆ ನೋಡಿದರೆ, ಏಷ್ಯಾ ಎಂಬುದು ಸರ್ಕಾರದ ಕಡತಕ್ಕೆ ಸೇರಿದಾಗ ಒಂದು ತೆರಿಗೆ ಬಾಬಿನ ಹೆಸರಾಗಿ ನಿಂತಿತು. ಆ ಮೂಲೆಯ ಆಚೆಗಿನ ಭೂಮಿ ಪಶ್ಚಿಮದವರಿಗೆ ಪರಿಚಯವಾದಂತೆಲ್ಲ ಹೆಸರನ್ನು ಕಂಬಳಿಯಂತೆ ಎಳೆದೆಳೆದು ಹೊದಿಸಿದರು. ಸಿಂಧೂ ನದಿ ದಾಟಿ, ಗಂಗೆ ದಾಟಿ, ಚೀನಾದ ಸಮುದ್ರದವರೆಗೆ ಅದು ಹರಡಿತು. ಮೂಲದ ಮೂಲೆಗೆ "ಚಿಕ್ಕ ಏಷ್ಯಾ" ಎಂಬ ಹೆಸರು ಉಳಿಯಿತು.

ಉಳಿದ ಖಂಡಗಳ ಕಥೆಯೂ ಇದೇ ಜಾತಿಯದು

ಆಫ್ರಿಕ ಎಂಬುದು ಕ್ರಿ. ಪೂ. ೧೪೬ರಲ್ಲಿ ರೋಮಿನವರು ಕಾರ್ಥೇಜ್ ಪಟ್ಟಣವನ್ನು ಸುಟ್ಟು ಹಾಳುಮಾಡಿ, ಅದರ ನೆಲಕ್ಕೆ ಇಟ್ಟ ಪ್ರಾಂತದ ಹೆಸರು. ಇಂದಿನ ಟ್ಯುನೀಸಿಯದ ಸುತ್ತಮುತ್ತಲ ಭಾಗ. ಅಲ್ಲಿ "ಆಫ್ರಿ" ಎಂಬ ಜನವಿದ್ದರು, ಅವರಿಂದ ಆ ಹೆಸರು. ಸಹರಾ ಮರುಭೂಮಿಯ ದಕ್ಷಿಣಕ್ಕೆ ಬಾಳುವ ಕೋಟಿಗಟ್ಟಲೆ ಜನಕ್ಕೆ ಆ ಹೆಸರು ಅಂಟಿದ್ದು ಬಹಳ ತಡವಾಗಿ, ಅದೂ ಬೇರೆಯವರ ನಕ್ಷೆಗಳ ಮೂಲಕ.

ಅಮೆರಿಕದ್ದಂತೂ ನಗು ತರುವ ಕಥೆ. ೧೪೯೨ರಲ್ಲಿ ಕೊಲಂಬಸ್ ಅಲ್ಲಿ ಇಳಿದು ಏಷ್ಯಾ ಮುಟ್ಟಿದೆನೆಂದೇ ತಿಳಿದ; ಅಲ್ಲಿಯ ಜನರನ್ನು ಇಂಡಿಯನ್ನರೆಂದು ಕರೆದ. ಆತನ ಈ ತಪ್ಪಿನ ಹೆಸರನ್ನು ಅವರು ಶತಮಾನಗಳವರೆಗೆ ಹೊತ್ತರು. ಇದು ಬೇರೆಯೇ ಖಂಡವೆಂದು ಬರೆದವನು ಫ್ಲಾರೆನ್ಸಿನ ಅಮೆರಿಗೊ ವೆಸ್ಪೂಚಿ. ೧೫೦೭ರಲ್ಲಿ ಲೊರೇನ್ ಸೀಮೆಯ ಸೇಂಟ್ ಡಿಯೆ ಎಂಬ ಸಣ್ಣ ಊರಿನಲ್ಲಿ, ಸಮುದ್ರವನ್ನೇ ದಾಟದಿದ್ದ ವಾಲ್ಡ್‌ಸೀಮ್ಯುಲರ್ ಮೊದಲಾದ ಪಂಡಿತರು ಒಂದು ದೊಡ್ಡ ಭೂಪಟ ಅಚ್ಚುಹಾಕಿ, ಹೊಸ ನೆಲದ ಮೇಲೆ ಅಮೆರಿಗೊನ ಹೆಸರನ್ನು ಬರೆದರು. ೧೫೧೩ರ ಭೂಪಟದಲ್ಲಿ ಅದೇ ವಾಲ್ಡ್‌ಸೀಮ್ಯುಲರ್ ಆ ಹೆಸರನ್ನು ಕೈಬಿಟ್ಟ. ಆದರೇನು, ಅಚ್ಚಾದ ಹಾಳೆಗಳು ಆಗಲೇ ಊರೂರಿಗೆ ಹೋಗಿಯಾಗಿತ್ತು. ೧೫೩೮ರಲ್ಲಿ ಮರ್ಕೇಟರ್ ಎಂಬ ನಕ್ಷೆಗಾರ ಉತ್ತರ ದಕ್ಷಿಣ ಎರಡು ಖಂಡಗಳಿಗೂ ಅದನ್ನೇ ಬರೆದ. ಆ ೧೫೦೭ರ ಭೂಪಟದ ಉಳಿದಿರುವ ಒಂದು ಪ್ರತಿಯನ್ನು ಅಮೆರಿಕದ ಸಂಸತ್ತಿನ ಗ್ರಂಥಾಲಯ ೨೦೦೩ರಲ್ಲಿ ಒಂದು ಕೋಟಿ ಡಾಲರ್ ಕೊಟ್ಟು ಕೊಂಡಿತು. ಹೆಸರಿಟ್ಟ ಕಾಗದಕ್ಕೆ ಒಂದು ಕೋಟಿ ಡಾಲರ್. ಹೆಸರು ಕಳೆದುಕೊಂಡ ಮೂಲ ನಿವಾಸಿಗಳಿಗೆ ಸಿಕ್ಕಿದ್ದೇನು ಎಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಯೂರೋಪಿನವರಾದರೂ ತಮ್ಮ ಹೆಸರನ್ನು ತಾವೇ ದುಡಿದು ಪಡೆದರೇ? ಗ್ರೀಕರ ಪುರಾಣದಲ್ಲಿ ಯೂರೋಪಾ ಎಂಬವಳು ಫಿನೀಷಿಯ ದೇಶದ ರಾಜಕುಮಾರಿ. ಅಂದರೆ ಇಂದಿನ ಲೆಬನಾನಿನ ಹೆಣ್ಣುಮಗಳು. ಈಗಿನ ಲೆಕ್ಕದಲ್ಲಿ ಏಷ್ಯಾದವಳು. ಬಿಳಿಯರ ಖಂಡದ ಹಿರಿಮೆಯನ್ನು ಕೊಚ್ಚಿಕೊಂಡವರು ಈ ಸಣ್ಣ ಸಂಗತಿಯನ್ನು ಜ್ಞಾಪಕದಲ್ಲಿಟ್ಟಿದ್ದರೆ ಚೆನ್ನಾಗಿತ್ತು.

ಶಿರಾದಲ್ಲಿ ನಡೆದ ಇದೇ ಆಟ

ಇದೆಲ್ಲ ಸಪ್ತಸಾಗರದಾಚೆಯ ಮಾತು, ನಮಗೇಕೆ ಎನ್ನುವವರು ಶಿರಾ ಪಟ್ಟಣದ ಕೋಟೆಯ ಮುಂದೆ ಒಂದು ಗಳಿಗೆ ನಿಲ್ಲಲಿ. ನಮ್ಮ ನಾಡಿನ ಹೆಸರು ನಮ್ಮ ಕೈತಪ್ಪಿ ಹೋದ ಕಥೆಗೆ ಈ ಊರೂ ಒಂದು ಸಾಕ್ಷಿ.

ಶಿರಾ ಕಸ್ತೂರಿ ರಂಗಪ್ಪ ನಾಯಕ ಕಟ್ಟಲಾರಂಭಿಸಿದ ಊರು. ೧೬೩೮ರಲ್ಲಿ ಬಿಜಾಪುರದವರ ಕೈ ಸೇರಿತು. ೧೬೮೬ರಲ್ಲಿ ಬಿಜಾಪುರವೇ ಔರಂಗಜೇಬನಿಗೆ ಸೋತಿತು. ೧೬೮೭ರಲ್ಲಿ ಮೊಗಲರು ಇಲ್ಲಿ ಒಂದು ಸುಬಾ ಏರ್ಪಡಿಸಿ ಶಿರಾವನ್ನೇ ರಾಜಧಾನಿ ಮಾಡಿದರು. ಕಾಸಿಂ ಖಾನ್ ಅದರ ಮೊದಲ ಅಧಿಕಾರಿ. ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಂಬ ಏಳು ಪರಗಣೆಗಳು ಅದಕ್ಕೆ ಸೇರಿದ್ದವು. ಚಿತ್ರದುರ್ಗ, ಬಿದನೂರು, ಮೈಸೂರುಗಳನ್ನೂ ಕಪ್ಪ ಕೊಡುವ ಸಂಸ್ಥಾನಗಳೆಂದು ಎಣಿಸುತ್ತಿದ್ದರು. ಈ ಸುಬಾದ ಹೆಸರು "ಕರ್ನಾಟಕ ಬಾಲಾಘಾಟ್". ಅಂದರೆ ಘಟ್ಟದ ಮೇಲಿನ ಕರ್ನಾಟಕ.

ಘಟ್ಟದ ಮೇಲಿನದೆಂದು ಹೇಳಬೇಕಾದರೆ ಕೆಳಗಿನದೂ ಒಂದಿರಬೇಕಷ್ಟೆ. ಅದು "ಕರ್ನಾಟಕ ಪಾಯಿನ್‌ಘಾಟ್". ಆರ್ಕಾಟಿನ ನವಾಬರ ಆಳ್ವಿಕೆಯ ತಮಿಳು ಸೀಮೆ! ವಿಜಯನಗರದ ಅರಸರು ಕನ್ನಡ ನಾಡಿನಿಂದ ಹೋಗಿ ಆ ಸೀಮೆಯನ್ನು ಆಳಿದ್ದರು. ಆಳುವವರ ಹೆಸರು ಆಳಿಸಿಕೊಂಡ ನೆಲಕ್ಕೆ ಅಂಟಿತು. ತರುವಾಯ ಬಂದ ಇಂಗ್ಲಿಷರ ವ್ಯಾಪಾರವೆಲ್ಲ ಮದರಾಸಿನ ಕರಾವಳಿಯಲ್ಲಿ. ಅವರ ಕಣ್ಣಿಗೆ ಕಂಡ "ಕರ್ನಾಟಕ" ಅದೊಂದೇ. ಘಟ್ಟದ ಕೆಳಗಿನ ಭಾಗಕ್ಕೇ ಆ ಹೆಸರನ್ನು ಅವರು ಖಾಯಂ ಮಾಡಿದರು. ೧೭೪೬ರಿಂದ ೧೭೬೩ರವರೆಗೆ ಇಂಗ್ಲಿಷರೂ ಫ್ರೆಂಚರೂ ಹೊಡೆದಾಡಿದ ಯುದ್ಧಗಳಿಗೆ ಕರ್ನಾಟಕ ಯುದ್ಧಗಳೆಂದು ಇಂದಿಗೂ ಮಕ್ಕಳು ಓದುತ್ತಾರೆ. ಆ ಯುದ್ಧಗಳು ನಡೆದದ್ದು ಮದರಾಸಿನಲ್ಲಿ, ಆರ್ಕಾಟಿನಲ್ಲಿ, ತಿರುಚಿನಾಪಳ್ಳಿಯಲ್ಲಿ, ವಾಂಡಿವಾಷಿನಲ್ಲಿ. ಕನ್ನಡ ಮಾತನಾಡುವ ನೆಲಕ್ಕೆ ಕರ್ನಾಟಕವೆಂಬ ಹೆಸರಿಲ್ಲ, ತಮಿಳು ಮಾತನಾಡುವ ನೆಲಕ್ಕೆ ಇದೆ! ನಕ್ಷೆ ಬರೆಯುವವನ ಲೇಖನಿ ಎಷ್ಟು ದೂರ ಓಡಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಯಾವುದಿದೆ?

ಶಿರಾದ ಗತಿ ಏನಾಯಿತು? ೧೭೫೭ರಲ್ಲಿ ಮರಾಠರು ಹಿಡಿದರು, ೧೭೬೧ರಲ್ಲಿ ಹೈದರ್ ಅಲಿ ತೆಗೆದುಕೊಂಡ, ೧೭೬೬ರಲ್ಲಿ ಮತ್ತೆ ಮರಾಠರು, ೧೭೭೪ರಲ್ಲಿ ಟಿಪ್ಪು. ಟಿಪ್ಪುವಿನ ಕಾಲದಲ್ಲಿ ಹನ್ನೆರಡು ಸಾವಿರ ಸಂಸಾರಗಳನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಿದರೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ಸುಬಾ ಎಂಬ ದೊಡ್ಡ ಹೆಸರು ಬಂದಾಗಲೂ ಆ ಸಂಸಾರಗಳನ್ನು ಯಾರೂ ಕೇಳಲಿಲ್ಲ. ಗಾಡಿ ಕಟ್ಟಿ ಎಬ್ಬಿಸಿದಾಗಲೂ ಕೇಳಲಿಲ್ಲ.

ನೆಲದ ಜನ ಇಟ್ಟ ಹೆಸರುಗಳು

ಮೇಲಿನವರು ಇಟ್ಟ ಹೆಸರುಗಳ ಕೆಳಗೆ ಜನ ಇಟ್ಟ ಹೆಸರುಗಳೂ ಇವೆ. ಅವುಗಳ ರೀತಿಯೇ ಬೇರೆ. ಕೊರಟಗೆರೆಯ ಬಾಲದಲ್ಲಿ ಕೆರೆ ಇದೆ. ಪಾವಗಡದ ಹೆಸರು ಹಾವಿನ ಬೆಟ್ಟ ಎಂಬುದರಿಂದ ಬಂತೆಂದು ಹೇಳುತ್ತಾರೆ. ಹಳಗನ್ನಡದಲ್ಲಿ ಹಾವು "ಪಾವು", ತೆಲುಗಿನಲ್ಲಿ "ಪಾಮು". ಮಧುಗಿರಿ ಜೇನಿನ ಬೆಟ್ಟ. ಹಳೆಯ ದಾಖಲೆಗಳಲ್ಲಿ ಅದು ಮದ್ದಗಿರಿ, ೧೯೨೭ರಲ್ಲಿ ಮಧುಗಿರಿಯೆಂದು ತಿದ್ದಿದರು. ಈ ಹೆಸರುಗಳಲ್ಲಿ ಹೆಮ್ಮೆ ಇಲ್ಲ, ತಿಳಿವಳಿಕೆ ಇದೆ. ಇಲ್ಲಿ ನೀರಿದೆ, ಇಲ್ಲಿ ಹಾವಿದೆ, ಇಲ್ಲಿ ಜೇನಿದೆ ಎಂದು ಬರುವ ದಾರಿಹೋಕನಿಗೆ ಹೇಳುವ ಮಾತುಗಳು ಅವು. ಅರಸನ ಉಯಿಲಿಗೂ ಇವಕ್ಕೂ ಸಂಬಂಧವಿಲ್ಲ.

ಹಾಗೆಂದು ದೊಡ್ಡ ಹೆಸರುಗಳನ್ನೆಲ್ಲ ಬಿಸಾಡಬೇಕೆಂದು ನಾವು ಹೇಳುವುದಿಲ್ಲ. ಹೊರಗಿನವರು ಇಟ್ಟ ಹೆಸರನ್ನು ಜನ ತಮ್ಮದು ಮಾಡಿಕೊಂಡ ಉದಾಹರಣೆಗಳೂ ಉಂಟು. ೧೯೪೭ರ ವಸಂತದಲ್ಲಿ ದೆಹಲಿಯಲ್ಲಿ ಏಷ್ಯಾ ಬಾಂಧವ್ಯ ಸಮ್ಮೇಳನ ಕೂಡಿದಾಗ, ೧೯೫೩ರ ಜನವರಿಯಲ್ಲಿ ರಂಗೂನಿನಲ್ಲಿ ಏಷ್ಯಾದ ಸಮಾಜವಾದಿಗಳು ಸೇರಿದಾಗ, ೧೯೫೫ರ ಏಪ್ರಿಲಿನಲ್ಲಿ ಬಾಂಡುಂಗಿನಲ್ಲಿ ಏಷ್ಯಾ ಆಫ್ರಿಕಗಳ ೨೯ ದೇಶಗಳು ಒಂದೇ ಚಪ್ಪರದಡಿ ಕುಳಿತಾಗ, ರೋಮಿನ ತೆರಿಗೆ ಬಾಬಿನ ಹೆಸರುಗಳೆರಡೂ ಗುಲಾಮಗಿರಿಯನ್ನು ಕಿತ್ತೊಗೆಯುವವರ ಬಾವುಟಗಳಾದವು. ಕರ್ನಾಟಕದ ಹೆಸರೂ ಹಾಗೆಯೇ ಮನೆಗೆ ಮರಳಿತು. ೧೯೫೬ರ ನವೆಂಬರ್ ಒಂದರಂದು ಕನ್ನಡ ಸೀಮೆಗಳು ಒಂದಾದರೂ ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಉಳಿದಿತ್ತು. ೧೯೭೩ರ ನವೆಂಬರ್ ಒಂದರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಅದು ಕರ್ನಾಟಕವಾಯಿತು. ಆರ್ಕಾಟಿಗೆ ಹೋಗಿದ್ದ ಹೆಸರು ಎರಡು ಶತಮಾನದ ಮೇಲೆ ಶಿರಾಕ್ಕೆ ಹಿಂದಿರುಗಿತು.

ಆದುದರಿಂದ ಹೆಸರು ಎಲ್ಲಿ ಹುಟ್ಟಿತೆಂಬುದೊಂದೇ ಮುಖ್ಯವಲ್ಲ. ಅದನ್ನು ಇಂದು ಯಾರು, ಯಾವ ಕೆಲಸಕ್ಕೆ ಬಳಸುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಈ ಅಳತೆಗೋಲು ಹಿಡಿದು ನಮ್ಮ ಎರಡು ಹೆಮ್ಮೆಗಳ ಬಳಿ ಹೋಗೋಣ.

ಬೆಟ್ಟವೂ ಬಿಸಿಲೂ

ಮಧುಗಿರಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರ. ಏಷ್ಯಾದಲ್ಲಿ ಎರಡನೆಯದು ಎನ್ನುತ್ತೇವೆ. ಮೊದಲನೆಯದು ಮಾಗಡಿಯ ಸಾವನದುರ್ಗವೆಂದು ಅಲ್ಲಿಯವರು ಹೇಳಿಕೊಳ್ಳುತ್ತಾರೆ. ಚೀನಾದಿಂದ ಅರೇಬಿಯದವರೆಗಿನ ಬಂಡೆಗಳನ್ನೆಲ್ಲ ಅಳೆದು ಬಂದವರು ಯಾರು? ಖಂಡದ ಮೊದಲ ಎರಡು ಬಹುಮಾನಗಳೂ ಹಳೆಯ ಮೈಸೂರು ಸೀಮೆಗೇ ಬಂದಿರುವುದು ನಮ್ಮ ಭಾಗ್ಯವೆಂದು ನಕ್ಕು ಸುಮ್ಮನಾಗಬಹುದು. ಇದರಿಂದ ಯಾರ ಹೊಟ್ಟೆಯ ಮೇಲೂ ಏಟು ಬೀಳುವುದಿಲ್ಲ.

ತಿರುಮಣಿಯ ಮಾತು ಹಾಗಲ್ಲ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ಸೌರ ಫಲಕಗಳು ಹಾಸಿವೆ. ೨೦೧೮ರ ಮಾರ್ಚ್ ಒಂದರಂದು ಉದ್ಘಾಟನೆಯಾಯಿತು. "ಶಕ್ತಿಸ್ಥಳ" ಎಂದು ನಾಮಕರಣವೂ ಆಯಿತು. ಒಟ್ಟು ಸಾಮರ್ಥ್ಯ ೨,೦೫೦ ಮೆಗಾವಾಟ್. ಜಗತ್ತಿಗೇ ದೊಡ್ಡದು, ಏಷ್ಯಾಕ್ಕೇ ದೊಡ್ಡದು ಎಂದು ಆಗ ಡಂಗುರ ಹೊಡೆದದ್ದಾಯಿತು. ಸ್ವಲ್ಪ ಕಾಲದಲ್ಲಿಯೇ ರಾಜಸ್ಥಾನದ ಭಡ್ಲಾ ೨,೨೪೫ ಮೆಗಾವಾಟ್ ಮುಟ್ಟಿ ಮುಂದೆ ಹೋಯಿತು. ಹೀಗೆ ಬಿರುದು ಕೈಬಿಟ್ಟಿತು. ಭಾಷಣಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ನ್ಯಾಯವಾದ ಮಾತನ್ನು ಮೊದಲು ಹೇಳೋಣ. ಇಲ್ಲಿ ಭೂಮಿಯನ್ನು ರೈತರಿಂದ ಕಿತ್ತುಕೊಳ್ಳಲಿಲ್ಲ. ದೀರ್ಘಕಾಲದ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ ಎಂದು ಕರಾರಾಯಿತು. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಮಳೆ ನಂಬಿ ಕಡಲೆಕಾಯಿ ಬಿತ್ತಿ, ವರ್ಷ ವರ್ಷ ಬೀಜದ ದುಡ್ಡನ್ನೂ ಕಳೆದುಕೊಂಡವನಿಗೆ ಇದು ದೊಡ್ಡ ಆಸರೆ. ಕಲ್ಲಿದ್ದಲು ಸುಡದೆ ವಿದ್ಯುತ್ತು ಬರುವುದೂ ಒಳ್ಳೆಯದೇ. ಇದನ್ನು ನಾವು ಹಳಿಯುವುದಿಲ್ಲ.

ಆದರೆ ಹೊಲವಿಲ್ಲದವನ ಗತಿ? ಅವನ ಹೆಸರು ಯಾವ ಪಹಣಿಯಲ್ಲಿಯೂ ಇಲ್ಲ, ಆದುದರಿಂದ ಯಾವ ಕರಾರಿನಲ್ಲಿಯೂ ಇಲ್ಲ. ಅವನೂ ಅವನ ಹೆಂಡತಿಯೂ ಅದೇ ಹೊಲಗಳಲ್ಲಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಬಿಡಿಸಿ ಕೂಲಿ ಪಡೆಯುತ್ತಿದ್ದರು. ಅದೇ ಬಯಲಿನಲ್ಲಿ ಅವರ ಕುರಿಮೇಕೆ ಮೇಯುತ್ತಿದ್ದವು. ಹೊಲದ ಮೇಲೆ ಗಾಜು ಹಾಸಿದ ದಿನ ಕೂಲಿಯೂ ನಿಂತಿತು, ಮೇವೂ ನಿಂತಿತು. ಉಳಿದದ್ದು ಫಲಕ ತೊಳೆಯುವ, ಹುಲ್ಲು ಕೊಯ್ಯುವ, ರಾತ್ರಿ ಕಾವಲು ಕಾಯುವ ಕೆಲಸ. ಅದೂ ಗುತ್ತಿಗೆದಾರನ ಕೈಕೆಳಗೆ, ಕೆಲವರಿಗೆ ಮಾತ್ರ. ಒಬ್ಬನಿಗೆ ಎಕರೆ ಲೆಕ್ಕದಲ್ಲಿ ಹಣ ಬಂದಾಗ, ಹತ್ತು ಎಕರೆಯವನಿಗೆ ಹತ್ತು ಪಾಲು, ಅರ್ಧ ಎಕರೆಯವನಿಗೆ ಅರ್ಧ ಪಾಲು, ಬರಿಗೈಯವನಿಗೆ ಸೊನ್ನೆ. ಇದ್ದ ಏರುಪೇರನ್ನೇ ಸೂರ್ಯನ ಬೆಳಕಿನಲ್ಲಿ ಅಚ್ಚುಹಾಕಿದಂತಾಯಿತು.

ಆ ಗ್ರಾಮಗಳ ಹೆಸರುಗಳನ್ನು ಇನ್ನೊಮ್ಮೆ ಓದಿ ನೋಡಿ. ಚೆರ್ಲು ಎಂಬ ಕೊನೆ ತೆಲುಗಿನ "ಚೆರುವು", ಅಂದರೆ ಕೆರೆ ಎಂಬುದರಿಂದ ಬಂದದ್ದು. ಸಮುದ್ರವೆಂಬುದೂ ನಮ್ಮ ಕಡೆ ದೊಡ್ಡ ಕೆರೆಗೆ ಇಡುವ ಹೆಸರು. ಐದರಲ್ಲಿ ಮೂರು ಊರುಗಳ ಹೆಸರಿನಲ್ಲಿ ನೀರಿದೆ! ಪಾವಗಡದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಸೇರಿ ಹಲ್ಲು ಕರೆಗಟ್ಟಿಸಿ ಮೂಳೆ ಸವೆಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಿಂದಿನವರು ಕೆರೆ ಕಟ್ಟಿ ಊರಿಗೆ ಕೆರೆಯ ಹೆಸರಿಟ್ಟರು. ನಾವು ಅದರ ಮೇಲೆ ಖಂಡದ ಹೆಸರಿನ ಬೋರ್ಡು ನೆಟ್ಟೆವು.

ರೋಮಿನವರ ಏಷ್ಯಾದಲ್ಲಿಯೂ ಸೂರ್ಯನ ಹೆಸರು ಹೇಳಿ ಬಡವರು ಎದ್ದಿದ್ದರೆಂದು ಮೇಲೆ ಬರೆದೆವು. ಅವರ ಸೂರ್ಯನಗರದಲ್ಲಿ ಗುಲಾಮನೂ ಪ್ರಜೆಯಾಗಬೇಕಿತ್ತು. ನಮ್ಮ ಸೂರ್ಯಕ್ಷೇತ್ರದಲ್ಲಿ ಪಹಣಿ ಇಲ್ಲದವನು ಲೆಕ್ಕಕ್ಕೇ ಬರುವುದಿಲ್ಲವೆಂದರೆ, ಯಾವುದು ಮುಂದುವರಿದ ಕಾಲ?

ಬಂಡೆಯ ಮೇಲಿನ ಹಳೆಯ ಹೆಸರು

ಖಂಡದ ಹೆಸರು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಪಾವಗಡದ ವಾಯವ್ಯಕ್ಕೆ, ನೆರೆಯ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ಕ್ರಿ. ಪೂ. ಮೂರನೆಯ ಶತಮಾನದವು, ೧೮೯೨ರಲ್ಲಿ ರೈಸ್ ಸಾಹೇಬರು ಅವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯ ಮೇಲೆ ಒಂದು ಭೂಖಂಡದ ಹೆಸರಿದೆ: ಜಂಬೂದ್ವೀಪ. ನೇರಳೆ ಮರದ ನಾಡು ಎಂಬ ಅರ್ಥ. ನಮ್ಮ ಪುರೋಹಿತರು ಸಂಕಲ್ಪದಲ್ಲಿ ಇಂದಿಗೂ ಹೇಳುವ ಹೆಸರು ಅದು. ರೋಮಿನವರು ಏಷ್ಯಾ ಪ್ರಾಂತವನ್ನು ಕಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಇಲ್ಲಿ ಕಲ್ಲಿನ ಮೇಲೆ ಅದು ಕೊರೆದಿತ್ತು.

ಅಶೋಕನೂ ಚಕ್ರವರ್ತಿಯೇ, ಅವನೂ ಆಳುವವನೇ, ಮರೆಯುವಂತಿಲ್ಲ. ಆದರೆ ಆ ಶಾಸನದಲ್ಲಿ ಖಂಡದ ಹೆಸರಿನ ಜೊತೆಗೆ ಇನ್ನೊಂದು ಮಾತಿದೆ. ಧರ್ಮದ ಪ್ರಯತ್ನದಿಂದ ಬರುವ ಫಲ ದೊಡ್ಡವರಿಗೆ ಮಾತ್ರ ಸಿಕ್ಕುವಂಥದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲ ಎಂಬ ಅಭಿಪ್ರಾಯ. ಖಂಡದ ಹೆಸರನ್ನು ಹೇಳುವಾಗ ಸಣ್ಣವನ ಹೆಸರನ್ನೂ ಹೇಳಬೇಕೆಂಬ ನೆನಪು ಆ ಬಂಡೆಗಿದೆ. ನಮ್ಮ ಬೋರ್ಡುಗಳಿಗೆ ಇಲ್ಲ.

ನಾವು ಕೇಳುವುದು ಇಷ್ಟೆ

ಮೊದಲನೆಯದು, ಈ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಶಾಲೆಗಳಲ್ಲಿ ಖಂಡಗಳ ಹೆಸರನ್ನು ಬಾಯಿಪಾಠ ಮಾಡಿಸುವ ದಿನವೇ ಅವು ಹುಟ್ಟಿದ ಕಥೆಯನ್ನೂ ಹೇಳಲಿ. ಅದರ ಪಕ್ಕದಲ್ಲಿ ಶಿರಾ ಸುಬಾದ ಕಥೆಯನ್ನೂ, ಮಕ್ಕಳ ಸ್ವಂತ ಹಳ್ಳಿಯ ಹೆಸರಿನ ಅರ್ಥವನ್ನೂ ಕೇಳಲಿ. ಇದಕ್ಕೆ ಸರ್ಕಾರದಿಂದ ಒಂದು ಕಾಸೂ ಬೇಕಿಲ್ಲ. ನಕ್ಷೆಯನ್ನು ಬರೆದದ್ದು ಮನುಷ್ಯರೆಂದು ತಿಳಿದ ಮಗು, ಅದನ್ನು ತಿದ್ದಬಹುದೆಂಬುದನ್ನೂ ತಿಳಿಯುತ್ತದೆ.

ಎರಡನೆಯದು, ಏಷ್ಯಾದ ಹೆಸರು ಹೇಳಿ ಹೊಗಳಿಕೊಳ್ಳುವ ಯಾವ ಯೋಜನೆಯೇ ಆಗಲಿ, ಮೆಗಾವಾಟಿನ ಲೆಕ್ಕದ ಪಕ್ಕದಲ್ಲಿ ಬೇರೆ ಲೆಕ್ಕವನ್ನೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ: ಎಷ್ಟು ಕುಟುಂಬಗಳಿಗೆ ಭೂಮಿಯಿತ್ತು, ಎಷ್ಟಕ್ಕೆ ಇರಲಿಲ್ಲ, ಭೂಮಿ ಇಲ್ಲದವರಿಗೆ ವರ್ಷಕ್ಕೆ ಎಷ್ಟು ದಿನದ ಕೆಲಸ ದೊರೆಯಿತು, ಯಾವ ದರದಲ್ಲಿ.

ಮೂರನೆಯದು ಮುಖ್ಯವಾದುದು. ಅಲ್ಲಿ ಹುಟ್ಟುವ ವಿದ್ಯುತ್ತಿನ ಆದಾಯದಲ್ಲಿ ಒಂದು 'ಪಾಲು' ಭೂಹೀನ ಕುಟುಂಬಗಳಿಗೆ ಹಕ್ಕಾಗಿ ಬರಬೇಕು; ದಾನವಾಗಿ ಅಲ್ಲ. ಗುತ್ತಿಗೆಯ ದರ ಏರಿದಂತೆ ಅದೂ ಏರಬೇಕು. ಕೆರೆಗಳ ಹೂಳು ತೆಗೆಸುವುದಕ್ಕೂ ಶುದ್ಧ ಕುಡಿಯುವ ನೀರಿಗೂ ಅದೇ ಆದಾಯದಿಂದ ಹಣ ತೆಗೆದಿಡಬೇಕು. ಭೂಮಿಯ ಮೇಲೆ ಹಕ್ಕು ಪಹಣಿಯವನಿಗಿರಲಿ. ಆಕಾಶದಿಂದ ಬೀಳುವ ಬಿಸಿಲಿಗೂ ಪಹಣಿ ಮಾಡಿಸಿಕೊಂಡವರು ಯಾರಿದ್ದಾರೆ?

ಏಷ್ಯಾದಲ್ಲಿ ಎಷ್ಟನೆಯವರೆಂಬುದನ್ನು ಆಮೇಲೆ ನೋಡಿಕೊಳ್ಳೋಣ. ರಾಯಚೆರ್ಲಿನ ಕೆರೆಯಲ್ಲಿ ಮೊದಲು ನೀರು ನಿಲ್ಲಲಿ, ಅದರ ದಂಡೆಯ ಭೂಹೀನನ ಮನೆಯಲ್ಲಿ ಎರಡು ಹೊತ್ತು ಒಲೆ ಉರಿಯಲಿ. ಆಗ ಖಂಡದ ಹೆಸರನ್ನು ನಾವೂ ಗಟ್ಟಿಯಾಗಿಯೇ ಹೇಳುತ್ತೇವೆ.